ಸಂತೆಯ ದಿನ ಕಳೆದುಹೋದ ಹೆಸರುಗಳು

ಮೊನ್ನೆ ಒಂದು ಮದುವೆಗೆಂದು ನಿಪ್ಪಾಣಿಯಿಂದ ಅಥಣಿಗೆ ಹೊರಟಿದ್ದೆ. ಚಿಕ್ಕೋಡಿ ದಾಟಿ, ರಾಯಬಾಗ ದಾಟಿ, ಬಸ್ಸು ಉಗಾರ ಖುರ್ದದ ಹತ್ತಿರ ಬಂದಾಗ ಕಿಟಕಿಯಿಂದ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಒಳಗೆ ನುಗ್ಗಿತು. ಬೆಲ್ಲ ಸೀದು, ಅದು ಹುಳಿ ಬಂದಂಥ ವಾಸನೆ. ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಆ ಕಿಡಕಿ ಮುಚ್ಚರಿ" ಅಂದಳು. ಮುಚ್ಚಿದೆ. ಆದರೆ ಒಳಗೆ ಬರಬೇಕಾದ್ದು ಬಂದಾಗಿತ್ತು. ಆ ವಾಸನೆಯಲ್ಲಿ ನಾನು ಒಂದು ಇಡೀ ಕಬ್ಬಿನ ಹಂಗಾಮು ಕಳೆದಿದ್ದೇನೆ, ತೊಂಬತ್ತೊಂದರ ದೀಪಾವಳಿಯಿಂದ ಮುಂದಿನ ಬೇಸಿಗೆಯವರೆಗೆ. ಆಗ ನಾನು ನಡೆದುಕೊಂಡ ರೀತಿಯನ್ನು ಹೆಂಡತಿಯ ಮುಂದೆ ಕೂಡ ಹೇಳಿಲ್ಲ.

ಆಗ ನನಗೆ ಇಪ್ಪತ್ತಾರು. ನಿಪ್ಪಾಣಿಯಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ನಡೆಸುತ್ತಿದ್ದೆ ಎನ್ನುವುದು ದೊಡ್ಡ ಮಾತು. ಇದ್ದದ್ದು ಎರಡು ಯಂತ್ರ, ಅದರಲ್ಲಿ ಒಂದು ಮಳೆ ಬಂತೆಂದರೆ ಮುನಿಸಿಕೊಂಡು ಕೂರುತ್ತಿತ್ತು. ಆದರೂ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಪ್ರೋಗ್ರಾಂ ಬರೆಯಬಲ್ಲವನು ನಾನೊಬ್ಬನೇ ಎಂಬ ಹಮ್ಮು ನನಗಿತ್ತು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ.

ಆ ಜುಲೈ ಕೊನೆಗೆ ಕೃಷ್ಣಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ಅಧಿಕಾರಿ ಪಾಟೀಲರು ಮಾಳಿಗೆ ಹತ್ತಿ ಬಂದರು. ಕಾರ್ಖಾನೆಯ ಹೆಸರು ಬೇಡ; ಅದು ಕೈ ಬದಲಾಗಿ, ಬೋರ್ಡೂ ಬದಲಾಗಿದೆ. ಪಾಟೀಲರಿಗಿದ್ದ ತಲೆನೋವು ಒಂದೇ, ಕಡಿತದ ಪಾಳಿ. ಯಾರು ಮೊದಲು ಕಬ್ಬು ಹಚ್ಚಿದರೋ, ಅಂದರೆ ನಾಟಿ ಮಾಡಿದರೋ, ಅವರ ಕಬ್ಬು ಮೊದಲು ಕಡಿಯಬೇಕು. ಆದರೆ ಊರೂರಿನಿಂದ ಬಂದ ನಾಟಿಯ ವಹಿಗಳನ್ನು ಕೂಡಿಸಿ ಪಾಳಿಯ ಪಟ್ಟಿ ಮಾಡುವಷ್ಟರಲ್ಲಿ ಅರ್ಧ ಹಂಗಾಮು ಮುಗಿದು, ಗೇಟಿನ ಮುಂದೆ ಬಡಿದಾಟ ಆಗುತ್ತಿತ್ತು. ಕಾರ್ಖಾನೆಯವರು ಯುನಿಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುವ ದೊಡ್ಡ ಯಂತ್ರ ತರಿಸಿದ್ದರು. ಒಂದು ಯಂತ್ರ, ಅದಕ್ಕೆ ನಾಲ್ಕು ಪರದೆ, ನಾಲ್ಕು ಕೀಲಿಮಣೆ. ನಾಲ್ಕು ಜನ ಒಟ್ಟಿಗೆ ಕೂತು ಕೆಲಸ ಮಾಡಬಹುದು.

"ಪ್ರೋಗ್ರಾಂ ನೀವ ಬರೀಬೇಕ್ರಿ ಸರ್. ದೀಪಾವಳಿಗೆ ಬಾಯ್ಲರ್ ಹಚ್ಚತೀವಿ. ಅಷ್ಟರಾಗ ಆಗಬೇಕ," ಅಂದರು ಪಾಟೀಲರು.

"ಆಗತೈತ್ರಿ. ನಾಳಿಂದಾನ ಬಂದ ಕುಂದರತೀನಿ."

ಪಾಟೀಲರು ಗಂಟಲು ಸರಿಮಾಡಿಕೊಂಡರು. "ಅದ ಒಂದ ತೊಂದರಿ ಐತ್ರಿ. ಯಂತ್ರ ಬಂದದ್ದು ಆಷಾಢದಾಗ. ಆಷಾಢದಾಗ ಹೊಸಾದು ಬಿಚ್ಚೂದು ಬ್ಯಾಡ ಅಂದಾರ ಚೇರಮನ್ ಸಾಹೇಬ್ರು."

ಸರಿ, ಶ್ರಾವಣಕ್ಕೆ ಹೋದೆ. ಗಣಪತಿ ಆಗಲಿ ಅಂದರು. ಗಣಪತಿ ಆಯಿತು, ಪಕ್ಷಮಾಸ ಬಂತು. ಪಿತೃಗಳ ಹದಿನೈದು ದಿನದಲ್ಲಿ ಯಾರಾದರೂ ಹೊಸ ಯಂತ್ರ ಮುಟ್ಟುತ್ತಾರೆಯೇ? ಕೊನೆಗೆ ಚೇರಮನ್ನರು ಒಂದೇ ಮಾತಿನಲ್ಲಿ ಮುಗಿಸಿದರು: ಬಾಯ್ಲರಿನ ಪೂಜೆಯ ದಿನವೇ ಕಂಪ್ಯೂಟರಿನ ಪೂಜೆ, ಒಂದೇ ಭಟ್ಟರು, ಒಂದೇ ಮಂಟಪ. ಅಲ್ಲಿಯವರೆಗೆ ಯಂತ್ರ ಪ್ಲಾಸ್ಟಿಕ್ ಹೊದ್ದುಕೊಂಡು ತಣ್ಣನೆ ಕೋಣೆಯಲ್ಲಿ ಕೂತಿತ್ತು. ಮನುಷ್ಯರಿಗಿಲ್ಲದ ಎ.ಸಿ. ಅದಕ್ಕಿತ್ತು.

ಹೀಗಾಗಿ ಇಡೀ ಮಳೆಗಾಲ ನಾನು ನಿಪ್ಪಾಣಿಯ ಮಾಳಿಗೆಯಲ್ಲಿ, ಡಾಸ್ ಎಂಬ ಬೇರೆ ವ್ಯವಸ್ಥೆಯ ನನ್ನ ಪುಟ್ಟ ಯಂತ್ರದ ಮೇಲೆ, ಕಣ್ಣಿಂದ ಕಾಣದ ಯುನಿಕ್ಸ್ ಯಂತ್ರಕ್ಕಾಗಿ ಪ್ರೋಗ್ರಾಂ ಬರೆದೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಅಂಗಡಿಯ ಮಾಲೀಕ ದಿನಾ ಕೇಳುತ್ತಿದ್ದ, "ಸರ್, ಯಾವ ಮಷೀನಿಗೆ ಬರಿಯಾಕತ್ತೀರಿ ಅದನ್ನ ನೋಡೀರೇನು?" ಎಂದು. ನೋಡುವ ಅಗತ್ಯ ಇಲ್ಲ, ಎರಡೂ ಕಡೆ ಭಾಷೆ ಒಂದೇ, ಇಲ್ಲಿ ಬರೆದದ್ದನ್ನು ಫ್ಲಾಪಿಯಲ್ಲಿ ಒಯ್ದು ಅಲ್ಲಿ ಇಳಿಸಿದರೆ ಆಯಿತು ಎಂದು ನಾನು ಅವನಿಗೆ ತಿಳಿ ಹೇಳುತ್ತಿದ್ದೆ. ಮೀಟರಿನ ಲೆಕ್ಕದಲ್ಲಿ ಬಟ್ಟೆ ಮಾರುವವನಿಗೆ ಇದೆಲ್ಲ ಏನು ಗೊತ್ತು ಎಂಬ ದನಿಯಲ್ಲಿ.

ಎರಡು ವ್ಯವಸ್ಥೆಗಳ ನಡುವೆ ಏನೇನು ಭೇದ ಇದೆ ಎಂದು ಪುಣೆಯಿಂದ ತರಿಸಿದ ದಪ್ಪ ಪುಸ್ತಕ ಓದಿ ಪಟ್ಟಿ ಮಾಡಿದ್ದೆ. ಡಾಸ್ ಪ್ರತಿ ಸಾಲಿನ ಕೊನೆಗೆ ಒಂದು ಗುರುತು ಹೆಚ್ಚಿಗೆ ಇಡುತ್ತದೆ, ಅದನ್ನು ತೆಗೆಯಬೇಕು. ಅಂಕಿಗಳ ಅಳತೆ ಬೇರೆ, ಅದನ್ನು ಸರಿಮಾಡಬೇಕು. ಎಲ್ಲ ಮಾಡಿದೆ. ಅದೇ ಪುಸ್ತಕದಲ್ಲಿ, ಇಬ್ಬರು ಒಂದೇ ಕಡತದಲ್ಲಿ ಒಟ್ಟಿಗೆ ಬರೆಯಲು ಬಂದರೆ ಒಬ್ಬನ ಕೆಲಸ ಮುಗಿಯುವವರೆಗೆ ಇನ್ನೊಬ್ಬನನ್ನು ತಡೆಯುವ ಬೀಗದ ಬಗ್ಗೆ ಒಂದು ಅಧ್ಯಾಯವೂ ಇತ್ತು. ನನ್ನ ಡಾಸ್ ಯಂತ್ರದ ಮುಂದೆ ಒಬ್ಬನೇ ಕೂರಬಲ್ಲ. ಬೀಗ ಬರೆದರೂ ಅದು ಬೀಳುತ್ತದೋ ಇಲ್ಲವೋ ನೋಡುವುದು ಹೇಗೆ? ಆಮೇಲೆ ನೋಡಿದರಾಯಿತು ಎಂದು ಆ ಹಾಳೆಗಳನ್ನು ಮಗುಚಿದೆ. ದಂಡೆಯ ಮೇಲೆ ಕೂತು ಈಜು ಕಲಿತವನಿಗೆ ನೀರಿನ ಚಿಂತೆ ಎಲ್ಲಿಂದ ಬರಬೇಕು.

ದೀಪಾವಳಿಯ ಹೊತ್ತಿಗೆ ಬಾಯ್ಲರಿಗೆ ಬೆಂಕಿ ಬಿತ್ತು, ಯಂತ್ರಕ್ಕೆ ಕುಂಕುಮ ಬಿತ್ತು. ಕೀಲಿಮಣೆಯ ಸಂದಿಯಲ್ಲಿ ಸೇರಿಕೊಂಡ ಅಕ್ಕಿಕಾಳುಗಳನ್ನು ನಾನೇ ಪಿನ್ನಿನಿಂದ ಆರಿಸಿ ತೆಗೆದೆ. ನನ್ನ ಪ್ರೋಗ್ರಾಂ ಎರಡನೇ ದಿನಕ್ಕೇ ನಡೆಯಿತು. ಚೇರಮನ್ನರು ಬಂದು ಬೆನ್ನು ತಟ್ಟಿದರು. ಅಥಣಿ ಕಡೆಯ ಇನ್ನೊಂದು ಕಾರ್ಖಾನೆಯವರು ಹಂಗಾಮಿನ ನಡುವೆ ನೋಡಲು ಬರುತ್ತಾರೆ, ಹಿಡಿಸಿದರೆ ಆ ಕೆಲಸವೂ ನನಗೇ ಎಂದರು. ನಾನು ನೆಲದ ಮೇಲೆ ಇರಲಿಲ್ಲ.

ವಹಿಯಲ್ಲಿದ್ದ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಲು ಇಬ್ಬರನ್ನು ಇಟ್ಟಿದ್ದರು. ಒಬ್ಬಳು ಸುಜಾತಾ. ರಾಯಬಾಗದ ಹತ್ತಿರದ ಹಳ್ಳಿಯ, ಬೌದ್ಧರಾದ ದಲಿತರ ಮನೆಯ ಹುಡುಗಿ. ತಂದೆ ಇದೇ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಒಣ ಎಲೆ, ರವದಿ ಗುಡಿಸುತ್ತ ತೀರಿಕೊಂಡವರು. ಇವಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಟೈಪಿಂಗ್ ಪಾಸು ಮಾಡಿ ದಿನಗೂಲಿಯ ಮೇಲೆ ಸೇರಿದ್ದಳು. ಈ ಹಂಗಾಮು ಚೆನ್ನಾಗಿ ಮುಗಿಸಿದರೆ ಖಾಯಂ ಮಾಡುತ್ತೇವೆ ಎಂದು ಪಾಟೀಲರು ಮಾತು ಕೊಟ್ಟಿದ್ದರು. ತಾಯಿ, ಇಬ್ಬರು ತಮ್ಮಂದಿರು, ಅವಳು, ನಾಲ್ಕೂ ಜನ ಆ ಒಂದು ಮಾತಿನ ಮೇಲೆ ನಿಂತಿದ್ದರು. ಕುಡಿಯುವ ನೀರು ಅವಳು ಮನೆಯಿಂದಲೇ ತರುತ್ತಿದ್ದಳು. ಆಫೀಸಿನ ಕೊಡದ ನೀರು ಯಾಕೆ ಕುಡಿಯುವುದಿಲ್ಲ ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದು ಎಂದು ಅಲ್ಲಿ ಯಾರಿಗೂ ಅನಿಸಿರಲಿಲ್ಲ.

ಇನ್ನೊಬ್ಬ ವಿಜಯ, ಒಬ್ಬ ಡೈರೆಕ್ಟರರ ತಂಗಿಯ ಮಗ. ಒಂದೇ ಬೆರಳಿನಿಂದ, ಒಂದೊಂದು ಅಕ್ಷರವನ್ನೂ ಹುಡುಕಿ ಒತ್ತುವ ಜಾತಿಯವನು. ವಾರವಿಡೀ ಮೋಟರ್ ಸೈಕಲ್ ಮೇಲೆ ಅಲೆಯುತ್ತಿದ್ದ. ಆಫೀಸಿಗೆ ಬರುತ್ತಿದ್ದದ್ದು ಸಂತೆಯ ದಿನ ಮಾತ್ರ, ಯಾಕೆಂದರೆ ಅವತ್ತು ಮಾವನೂ ಅಲ್ಲಿಯೇ ಇರುತ್ತಿದ್ದರು.

ಸಂತೆಯ ದಿನಕ್ಕೆ ಆ ಆಫೀಸಿನಲ್ಲಿ ಬೇರೆಯೇ ಕಳೆ. ಹಳ್ಳಿ ಹಳ್ಳಿಯಲ್ಲಿ ನಾಟಿ ಬರೆದುಕೊಳ್ಳುವ ಫೀಲ್ಡ್‌ಮನ್‌ಗಳು ಸಂತೆಗೆ ಬರುವ ನೆಪದಲ್ಲಿ ಅಂದೇ ವಹಿ ತಂದು ಒಪ್ಪಿಸುತ್ತಿದ್ದರು. ಕೈಚೀಲದಲ್ಲಿ ಬದನೆಕಾಯಿ, ಅದರ ಮೇಲೆ ನಾಟಿಯ ವಹಿ. ವಾರದ ಅರ್ಧ ಕೆಲಸ ಆ ಒಂದೇ ದಿನ ಬೀಳುತ್ತಿತ್ತು, ಇಬ್ಬರೂ ಎರಡು ಪರದೆಗಳ ಮುಂದೆ ಕೂರುತ್ತಿದ್ದರು. ನಾನು ಮಾತ್ರ ಆ ಗದ್ದಲ ಬೇಡವೆಂದು ಸಂತೆಯ ದಿನ ತಪ್ಪಿಸಿ ಉಳಿದ ದಿನ ಹೋಗುತ್ತಿದ್ದೆ. ಆ ದಿನಗಳಲ್ಲಿ ಸುಜಾತಾ ಒಬ್ಬಳೇ ಕೂತಿರುತ್ತಿದ್ದಳು. ಎಲ್ಲ ಸರಿಯಾಗಿ ಇರುತ್ತಿತ್ತು.

ಎರಡನೇ ಸಂತೆಯ ಮಾರನೇ ದಿನ ಹೋದಾಗ ಅವಳು ಕುರ್ಚಿ ಬಿಟ್ಟು ಎದ್ದು ನಿಂತಳು.

"ಸರ್, ನಿನ್ನಿ ನಾ ಹಾಕಿದ ಹೆಸರು ಇವತ್ತ ಕಾಣವಲ್ಲವು. ನಾ ಹಾಕಿದ್ದರ ಜಾಗಾದಾಗ ವಿಜಯ ಅವರು ಹಾಕಿದ್ದ ಹೆಸರು ಕುಂತಾವ."

"ಕೊನಿಗೆ ಸೇವ್ ಒತ್ತಿಲ್ಲ ನೀವು."

"ಒತ್ತೇನ್ರಿ. ಒತ್ತಿದ ಮ್ಯಾಲ ವಹಿಯೊಳಗ ಕೆಂಪ ಟಿಕ್ ಹಾಕೇನಿ."

ನಾನು ಅವಳ ಕುರ್ಚಿಯಲ್ಲಿ ಕೂತು ಐದು ಹೆಸರು ಏರಿಸಿದೆ. ಐದೂ ಇದ್ದವು. "ನೋಡ್ರಿ. ನಿಪ್ಪಾಣ್ಯಾಗ ನೂರ ಸಲ ನೋಡೇನಿ ಇದನ್ನ. ಗಡಿಬಿಡಿ ಮಾಡಬ್ಯಾಡ್ರಿ, ಸಾವಕಾಶ ಒತ್ತರಿ," ಅಂದೆ. ಕಂಪ್ಯೂಟರ್ ಕಲಿಸುವ ಮೇಷ್ಟ್ರು ಹುಡುಗಿಗೆ ಬುದ್ಧಿ ಹೇಳಿದ ಸಮಾಧಾನ ನನ್ನದು. ಅವಳು "ಹೂಂರಿ" ಅಂದು ಕೂತಳು. ಕಾಣೆಯಾದವುಗಳಲ್ಲಿ ನೆನಪಿದ್ದಷ್ಟನ್ನು ಹುಡುಕಿ ಮತ್ತೆ ಏರಿಸಿದಳು. ನೆನಪಿಲ್ಲದವು ಹೋದವು. ಸಾವಿರಾರು ಹೆಸರುಗಳ ನಡುವೆ ಹೋದದ್ದು ಯಾವುದು ಎಂದು ಹೇಗೆ ಗೊತ್ತಾಗಬೇಕು? ವಹಿಯಲ್ಲಿ ಎಲ್ಲಕ್ಕೂ ಕೆಂಪು ಟಿಕ್ ಇತ್ತು.

ಚಳಿ ಬಿತ್ತು. ಕಾರ್ಖಾನೆಯ ಮುಂದೆ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು ಎರಡು ಫರ್ಲಾಂಗ್ ಬೆಳೆಯಿತು. ಬೂದಿ ಹಾರಿ ಬಂದು ಚಹಾದ ಮೇಲೆ ಕೂರುತ್ತಿತ್ತು. ಜನವರಿಯ ಒಂದು ಬೆಳಿಗ್ಗೆ ಮುಗಳಖೋಡ ಕಡೆಯ ಅಪ್ಪಾಸಾಹೇಬ ಎಂಬ ರೈತರು ಹೆಗಲ ಮೇಲೆ ಒಂದು ಇಡೀ ಕಬ್ಬಿನ ಗಳ ಹೊತ್ತುಕೊಂಡು ಬಂದು ಪಾಟೀಲರ ಮೇಜಿನ ಮೇಲೆ ಇಟ್ಟರು. ಕಬ್ಬಿನ ತುದಿಗೆ ಬಿಳಿ ಹೂ ಬಿಟ್ಟಿತ್ತು. ಹೂ ಬಿಟ್ಟ ಕಬ್ಬು ಒಳಗೆ ಬೆಂಡಾಗುತ್ತದೆ, ತೂಕ ಇಳಿಯುತ್ತದೆ. ಅದನ್ನು ಆ ಸೀಮೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

"ನನ್ನ ಬಾಜೂದಾಂವ ನನಗಿಂತ ಎರಡ ತಿಂಗಳ ತಡಾ ಮಾಡಿ ಹಚ್ಚಿದಾಂವ. ಅವಂದ ಕಡದ ಹೋತು. ನಂದ ಹೂ ಬಿಟ್ಟ ನಿಂತೈತಿ. ನನ್ನ ಪಾಳಿ ಯಾವಾಗ ಬರತೈತಿ, ನಾ ಸತ್ತ ಮ್ಯಾಲೇನ್ರಿ?"

ಪಟ್ಟಿ ತೆಗೆದರು. ಅಪ್ಪಾಸಾಹೇಬರ ಹೆಸರೇ ಇಲ್ಲ. ವಹಿ ತೆಗೆದರು. ಹೆಸರು ಇದೆ, ಕೆಂಪು ಟಿಕ್ ಇದೆ. ಪಾಟೀಲರು ಮುಖ ಒರೆಸಿಕೊಂಡು ಎಲ್ಲ ವಹಿಗಳನ್ನೂ ತಾಳೆ ನೋಡಲು ಹೇಳಿದರು. ಮೂರು ದಿನ ಹಿಡಿಯಿತು. ಹೀಗೆ ಕಾಣೆಯಾದ ಹೆಸರುಗಳು ನೂರಕ್ಕೆ ಹತ್ತಿರ. ಎಲ್ಲವೂ ಸುಜಾತಾಳ ಪಾಲಿನ ವಹಿಗಳ ಟಿಕ್‌ನವು. ವಿಜಯನ ಒಂದು ಹೆಸರೂ ಹೋಗಿರಲಿಲ್ಲ.

ಆಗ ನನಗೆ ಅವಳು ನವೆಂಬರಿನಲ್ಲಿ ಹೇಳಿದ ಮಾತು ನೆನಪಾಯಿತು. ಊಟದ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಎರಡು ಪರದೆಗಳ ನಡುವೆ ಕುರ್ಚಿ ಎಳೆದು ಕೂತೆ. ಎಡಗೈಯಿಂದ ಒಂದರಲ್ಲಿ ಹೊಸ ಹೆಸರು ತೆರೆದು, ವಿಜಯನ ಹಾಗೆ ನಿಧಾನವಾಗಿ ಒತ್ತತೊಡಗಿದೆ. ಅದು ಮುಗಿಯುವಷ್ಟರಲ್ಲಿ ಬಲಗೈಯಿಂದ ಇನ್ನೊಂದರಲ್ಲಿ, ಸುಜಾತಾಳ ಹಾಗೆ, ಮೂರು ಹೆಸರು ಏರಿಸಿ ಮುಗಿಸಿದೆ. ಆಮೇಲೆ ಎಡಗಡೆಯದನ್ನು ಸೇವ್ ಮಾಡಿದೆ. ಬಲಗಡೆಯ ಮೊದಲನೆಯ ಹೆಸರು ಹೋಯಿತು, ಅದರ ಜಾಗದಲ್ಲಿ ಎಡಗಡೆಯದು ಬಂದು ಕೂತಿತ್ತು. ಇನ್ನೆರಡು ಸಲ ಹಾಗೆಯೇ ಮಾಡಿದೆ, ಎರಡು ಸಲವೂ ಬಲಗಡೆಯ ಮೊದಲ ಹೆಸರು ಹೋಯಿತು.

ಕಾರಣ ಇಷ್ಟೇ. ಹೊಸ ಹೆಸರು ತೆರೆದ ಕೂಡಲೇ ನನ್ನ ಪ್ರೋಗ್ರಾಂ ಕಡತದಲ್ಲಿ ಮುಂದಿನ ಖಾಲಿ ಸಾಲು ಯಾವುದು ಎಂದು ನೋಡಿ ನೆನಪಿಟ್ಟುಕೊಳ್ಳುತ್ತಿತ್ತು. ಬರೆಯುತ್ತಿದ್ದದ್ದು ಟೈಪು ಮಾಡಿ ಮುಗಿದ ಮೇಲೆ. ನಡುವೆ ಆ ಸಾಲಿನಲ್ಲಿ ಇನ್ನೊಬ್ಬರು ಬರೆದು ಹೋಗಿದ್ದರೂ ಅದಕ್ಕೆ ತಿಳಿಯುತ್ತಿರಲಿಲ್ಲ, ಅವರದರ ಮೇಲೆಯೇ ಬರೆದುಬಿಡುತ್ತಿತ್ತು. ಒಬ್ಬನೇ ಕೂರುವ ಯಂತ್ರದ ಮೇಲೆ ಹುಟ್ಟಿದ ಪ್ರೋಗ್ರಾಂ, ಪಕ್ಕದಲ್ಲಿ ಇನ್ನೊಬ್ಬರು ಇರಬಹುದು ಎಂಬುದೇ ಅದಕ್ಕೆ ಗೊತ್ತಿರಲಿಲ್ಲ. ನಿಧಾನಿಯ ಬರಹ ಯಾವಾಗಲೂ ಮೇಲೆ ಬೀಳುತ್ತಿತ್ತು, ಚುರುಕಿನವಳದು ಅಡಿಯಲ್ಲಿ ಅಳಿಯುತ್ತಿತ್ತು. ಸುಜಾತಾ ವಿಜಯನಷ್ಟೇ ದಡ್ಡತನದಿಂದ ಒತ್ತಿದ್ದರೆ ಹೋದ ಹೆಸರುಗಳು ಇಬ್ಬರ ನಡುವೆ ಹಂಚಿಹೋಗಿ, ತಪ್ಪು ಯಂತ್ರದ್ದೆಂದು ಕುರುಡನಿಗೂ ಕಾಣುತ್ತಿತ್ತು. ಅವಳ ಕೈಯ ಚುರುಕೇ ಅವಳಿಗೆ ಎರವಾಯಿತು.

ಹತ್ತು ನಿಮಿಷದಲ್ಲಿ ನನಗೆ ಎಲ್ಲ ಗೊತ್ತಾಗಿತ್ತು. ಇದನ್ನು ಒತ್ತಿ ಬರೆಯುತ್ತೇನೆ, ಯಾಕೆಂದರೆ ಆಮೇಲೆ ಎಷ್ಟೋ ವರ್ಷ, ಆಗ ನನಗೆ ಸರಿಯಾಗಿ ತಿಳಿದಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ತಿಳಿದಿತ್ತು.

ಮಾರನೇ ದಿನ ಚೇರಮನ್ನರ ಕೋಣೆಯಲ್ಲಿ ವಿಚಾರಣೆ. ಚೇರಮನ್ನರು, ವಿಜಯನ ಮಾವ ಆ ಡೈರೆಕ್ಟರು, ಪಾಟೀಲರು, ಅಪ್ಪಾಸಾಹೇಬರು, ನಾನು ಕುರ್ಚಿಗಳ ಮೇಲೆ. ಸುಜಾತಾ ಬಾಗಿಲ ಹತ್ತಿರ ನಿಂತಿದ್ದಳು. ಅದೇ ವಾರ ಅಥಣಿ ಕಡೆಯವರು ನನ್ನ ಪ್ರೋಗ್ರಾಂ ನೋಡಲು ಬರುವವರಿದ್ದರು.

"ಸಂತಿ ದಿನ ಸಂಜಿ ಬಸ್ ತಪ್ಪತೈತಿ ಅಂತ ಹೆಸರ ಹಾಕದನ ಟಿಕ್ ಹಾಕಿ ಹೋಗ್ಯಾಳ. ಇದರಾಗ ವಿಚಾರ ಮಾಡೂದೇನೈತಿ?" ಅಂದರು ಡೈರೆಕ್ಟರು.

"ಹಾಕೇನ್ರಿ ಸಾಹೇಬ್ರ. ಒಂದೊಂದ ಹೆಸರೂ ಹಾಕೇನಿ. ಮಷೀನ್ ಇಟ್ಟಕೊಂಡಿಲ್ಲ," ಅಂದಳು ಸುಜಾತಾ.

"ಕುಣಿಲಾರದಾಕಿ ನೆಲಾ ಡೊಂಕ ಅಂದಳಂತ."

ಚೇರಮನ್ನರು ಕೈ ಎತ್ತಿ ಡೈರೆಕ್ಟರರನ್ನು ತಡೆದರು. ಕೆಟ್ಟ ಮನುಷ್ಯರಲ್ಲ ಅವರು. ನನ್ನ ಕಡೆ ತಿರುಗಿ ಸಮಾಧಾನದಿಂದಲೇ ಕೇಳಿದರು, "ಸರ್, ನೀವ ಹೇಳ್ರಿ. ಹಾಕಿದ ಹೆಸರನ್ನ ಕಂಪ್ಯೂಟರ್ ನುಂಗತೈತೇನು?"

ಸುಜಾತಾ ನನ್ನನ್ನು ನೋಡಿದಳು. ಭಯದ ನೋಟ ಅಲ್ಲ. ಗೊತ್ತಿರುವವನನ್ನೇ ಕೇಳುತ್ತಿದ್ದಾರೆ, ಇನ್ನು ಸರಿಹೋಯಿತು ಎಂಬ ನೋಟ. ಇವತ್ತಿಗೂ ನನ್ನ ಎದೆಯಲ್ಲಿ ಕೊಳೆಯುತ್ತಿರುವುದು ಅದೇ.

"ಕಂಪ್ಯೂಟರ್ ಕೊಟ್ಟದ್ದನ್ನ ಇಟ್ಟಕೊಳ್ಳತೈತ್ರಿ," ಅಂದೆ. "ಕೊಡದ್ದು ಅದರ ಹಂತ್ಯಾಕ ಇರೂದಿಲ್ಲ."

ಎಷ್ಟು ಚಂದದ ಮಾತು. ಕೋಣೆಯಲ್ಲಿ ಎಲ್ಲರೂ ತಲೆದೂಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಕಾದ ಕಬ್ಬಿಣ ಹಿಡಿದದ್ದು ಎತ್ತೇ. ಅಪ್ಪಾಸಾಹೇಬರು ಮಾತ್ರ ಎದ್ದು ಹೋಗುವಾಗ, "ಆ ಹುಡಿಗೀನ ತಗದ್ರ ನನ್ನ ಕಬ್ಬಿನ ಹೂ ಉದರತಾವೇನ್ರಿ?" ಎಂದು ಗೊಣಗಿದರು. ಸಂಜೆಯೇ ಅವಳಿಗೆ ನಾಳೆಯಿಂದ ಬರಬೇಡ ಎಂದು ಹೇಳಿ ಕಳಿಸಿದರು. ದಿನಗೂಲಿಯವರಿಗೆ ಕಾಗದವೂ ಬೇಕಾಗುವುದಿಲ್ಲ.

ಅವಳ ಜಾಗಕ್ಕೆ ಇನ್ನೊಬ್ಬ ಬಂದ. ಅಷ್ಟರಲ್ಲಿ ನಾನು ಬೀಗದ ಅಧ್ಯಾಯ ಓದಿ, ಪ್ರೋಗ್ರಾಂನಲ್ಲಿ ಹತ್ತು ಸಾಲು ಸೇರಿಸಿ, ಎರಡು ಪರದೆಗಳ ಮೇಲೆ ಸರಿಯಾಗಿ ಪರೀಕ್ಷೆ ಮಾಡಿದ್ದೆ. ಯಾಕೆ ಮಾಡಿದೆ ಎಂದು ಯಾರೂ ಕೇಳಲಿಲ್ಲ, ಮಾಡಿದೆ ಎಂದು ನಾನೂ ಹೇಳಲಿಲ್ಲ. ಆಮೇಲೆ ಒಂದು ಹೆಸರೂ ಕಾಣೆಯಾಗಲಿಲ್ಲ. ಫೆಬ್ರವರಿಯಲ್ಲಿ ಪಾಟೀಲರು ಚಹಾ ಕುಡಿಯುತ್ತ, "ಆಕಿ ಹೋದ ಮ್ಯಾಲ ಒಂದ ಹೆಸರೂ ತಪ್ಪಿಲ್ಲ ನೋಡ್ರಿ. ನನಗ ಒಳಗಿಂದೊಳಗ ಅನುಮಾನ ಇತ್ತು, ಪಾಪ ಅನ್ಯಾಯ ಆತೇನೋ ಅಂತ. ಈಗ ಮನಸ್ಸ ಹಗರ ಆತು," ಅಂದರು. ತಪ್ಪನ್ನು ಮುಚ್ಚಿದ್ದಷ್ಟೇ ಅಲ್ಲ, ಅದನ್ನು ತಿದ್ದುವ ಮೂಲಕ ಅವಳೇ ತಪ್ಪಿತಸ್ಥೆ ಎಂದು ಸಾಬೀತು ಮಾಡಿಕೊಟ್ಟಿದ್ದೆ. ನಾನು ಇನ್ನೊಂದು ಗುಟುಕು ಚಹಾ ಕುಡಿದೆ. ಹಂಗಾಮು ಮುಗಿದಾಗ ನನಗೆ ಪೇಟ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಅಥಣಿ ಕಡೆಯ ಕೆಲಸವೂ ನನಗೇ ಸಿಕ್ಕಿತು.

ಆ ಏಪ್ರಿಲಿನಲ್ಲಿ, ನಿಪ್ಪಾಣಿಯ ಪೇಟೆಯಲ್ಲಿ, ಒಂದು ತಂಬಾಕಿನ ವಖಾರಿಯ, ಅಂದರೆ ಗೋದಾಮಿನ, ದಿನದ ಕೆಲಸ ಮುಗಿಸಿ ಹೆಂಗಸರ ಗುಂಪು ಹೊರಗೆ ಬರುತ್ತಿತ್ತು. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸೀರೆ ಕೂದಲೆಲ್ಲ ಕಂದು ಧೂಳು ಮೆತ್ತಿಕೊಂಡು ಬರುವ ಅವರಲ್ಲಿ ಯಾರು ಯಾರೆಂದು ಗುರುತಿಸುವುದು ಕಷ್ಟ. ಅವರಲ್ಲಿ ಒಬ್ಬಳು ನನ್ನನ್ನು ನೋಡಿ ಬಟ್ಟೆ ಇಳಿಸಿ, "ಆರಾಮ ಅದೀರೇನ್ರಿ ಸರ್?" ಅಂದಳು. ಸುಜಾತಾ.

"ಇಲ್ಲಿ ಹೆಂಗ?" ಅಂದೆ.

"ಇಲ್ಲಿ ನಮ್ಮ ಅವ್ವನ ತಂಗಿ, ಮಾವಶಿ ಮನಿ ಐತ್ರಿ. ಆ ಕಡೆ ಯಾರೂ ಕೆಲಸ ಕೊಡಲಿಲ್ಲ. ಸುಳ್ಳ ಟಿಕ್ ಹಾಕಿದಾಕಿ ಅಂತ ಹೆಸರ ಆಗಿತ್ತಲ್ರಿ."

ಅವಳ ಕೈ ನೋಡಿದೆ. ಬೆರಳ ತುದಿಗಳು ತಂಬಾಕಿನ ಬಣ್ಣಕ್ಕೆ ತಿರುಗಿದ್ದವು. ಅಷ್ಟು ತಿಂಗಳು ಬಾಯಿಗೆ ಬಾರದ ಮಾತು ಆಗ ಬಂತು. "ಸುಜಾತಾ, ತಪ್ಪ ನನ್ನ ಪ್ರೋಗ್ರಾಂದಾಗ ಇತ್ತು. ನೀವು ಹೆಸರ ಹಾಕಿದ್ದು ಖರೇ."

"ಗೊತ್ತೈತ್ರಿ," ಅಂದಳು.

"ಯಾವಾಗಿಂದ?"

"ನಿಮಗ ಬಂದ ಹೇಳಿದ್ನಲ್ರಿ, ಆವತ್ತಿಂದಾನ. ನಾ ಹಾಕಿದ್ದು ನನಗ ಗೊತ್ತಿರೂದಿಲ್ಲೇನ್ರಿ?" ಗುಂಪು ಮುಂದೆ ಹೋಗಿತ್ತು, ಅವಳು ಒಮ್ಮೆ ಆ ಕಡೆ ನೋಡಿ ಮತ್ತೆ ನನ್ನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಇದನ್ನ ನನ್ನ ಮುಂದ ಹೇಳಿ ಏನ ಬಂತ್ರಿ ಸರ್? ಗೊತ್ತಿಲ್ಲದವರು ನಾಕ ಮಂದಿ ಆ ಕ್ವಾಣ್ಯಾಗ ಕುಂತಿದ್ರು. ಅವರ ಮುಂದ ಹೇಳಬೇಕಾಗಿತ್ತು."

ಬಟ್ಟೆಯನ್ನು ಮತ್ತೆ ಮೂಗಿನ ಮೇಲೆ ಏರಿಸಿಕೊಂಡು ಅವಳು ಗುಂಪನ್ನು ಕೂಡಿಕೊಂಡಳು. ನಾಳೆಯೇ ಹೋಗಿ ಹೇಳುತ್ತೇನೆ ಎಂದು ನಾನು ರಸ್ತೆಯಲ್ಲಿ ನಿಂತೇ ನಿರ್ಧಾರ ಮಾಡಿದೆ. ಮಾರನೇ ದಿನ ಮೊದಲ ಬಸ್ಸಿಗೇ ಕಾರ್ಖಾನೆಗೆ ಹೋದೆ. ಪಾಟೀಲರು ಇದ್ದರು, ಚೇರಮನ್ನರೂ ಇದ್ದರು. ಮುಂದಿನ ಹಂಗಾಮಿನ ಮಾತಾಡಿದೆವು. ಊಟ ಮಾಡಿಕೊಂಡು ಹೋಗಿ ಎಂದರು, ಮಾಡಿಕೊಂಡು ಬಂದೆ.